ಮಗ್ಗದ ಮನೆಯಲ್ಲಿ ವಿಮಾನದ ವೈರಿಂಗ್: ನೂಲಿನಲ್ಲಿ ಹಾಕಿದ ನಕ್ಷೆ

ನಾನೇ ಕಟ್ಟುತ್ತಿರುವ ಸಣ್ಣ ವಿಮಾನಕ್ಕೆ ಎರಡು ತಿಂಗಳಿಂದ ಎಳೆದಿದ್ದ ವೈರನ್ನೆಲ್ಲ ಹೋದ ಶನಿವಾರ ಒಂದೇ ತಾಸಿನಲ್ಲಿ ಕಿತ್ತು ಹಾಕಿದೆ. ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ವೈರಿಂಗೇ ಆಗಿರಲಿಲ್ಲ. ಒಂದೊಂದು ಸಾಮಾನು ಬಂದ ಹಾಗೆ ಒಂದೊಂದು ವೈರ್ ಸೇರಿಸಿದ್ದೆ, ಅಷ್ಟೇ. ರೇಡಿಯೋ ಬಂತು, ಎರಡು ವೈರ್. ಇಂಧನದ ಪಂಪ್ ಬಂತು, ಇನ್ನೆರಡು. ಕೊನೆಗೆ ಡ್ಯಾಶ್‌ಬೋರ್ಡ್ ಹಿಂದೆ ಹಕ್ಕಿ ಗೂಡು ಕಟ್ಟಿದ ಹಾಗೆ ಆಗಿತ್ತು.

ವಿಮಾನ ಜೆನಿತ್ ಸಿಎಚ್ 701. ಕ್ರಿಸ್ ಹೈನ್ಟ್ಸ್ ವಿನ್ಯಾಸ ಮಾಡಿದ್ದು, ಎರಡು ಸೀಟು, ರೆಕ್ಕೆ ದೇಹದ ಮೇಲ್ಗಡೆ ಇರುವ ಅಲ್ಯೂಮಿನಿಯಂ ವಿಮಾನ. ಇಂಜಿನ್ 80 ಹಾರ್ಸ್‌ಪವರ್ ರೋಟಾಕ್ಸ್ 912. ಬೆಳೆಯುತ್ತಿರುವುದು ಬೆಳಗಾವಿಯ ವಡಗಾವಿಯಲ್ಲಿ, ನಮ್ಮ ಹಳೆಯ ಮಗ್ಗದ ಮನೆಯಲ್ಲಿ. ಪವರ್‌ಲೂಮ್ ಮಾರಿದ ಮೇಲೆ ಆ ಜಾಗ ಖಾಲಿ ಬಿದ್ದಿತ್ತು. ದೇಹ ನಿಲ್ಲುತ್ತದೆ, ರೆಕ್ಕೆ ಗೋಡೆಗೆ ಒರಗಿವೆ. ಪಕ್ಕದ ಮನೆಯಲ್ಲಿ ಇನ್ನೂ ಮಗ್ಗ ನಡೆಯುತ್ತದೆ. ಆ ಖಟಕ್‌ ಪಟಕ್‌ಗೆ ನನ್ನ ಸ್ಕ್ರೂ ಡಬ್ಬಿ ಟೇಬಲ್ ಮೇಲೆ ತಾನೇ ನಡೆದು ಹೋಗುತ್ತದೆ. ಕಂಪನದಿಂದ ಏನೇನು ಸಡಿಲ ಆಗುತ್ತದೆ ಅಂತ ನೋಡಲು ಬೇರೆ ಯಂತ್ರ ಬೇಕಿಲ್ಲ.

ಕಿತ್ತು ಹಾಕಲು ಕಾರಣ ಒಬ್ಬ ಕಾಕಾ. ಖಾನಾಪುರ ರಸ್ತೆಯಲ್ಲಿ ಅವರದು ಆಟೋ ಎಲೆಕ್ಟ್ರಿಕಲ್ ಅಂಗಡಿ. ಕಬ್ಬಿನ ಹಂಗಾಮು ಬಂದರೆ ಪುರುಸೊತ್ತಿಲ್ಲ. ಟ್ರ್ಯಾಕ್ಟರ್‌ಗೆ ಡೆಕ್ ಹಾಕು, ಲೈಟಿನ ಸರ ಹಾಕು, ಸುಟ್ಟ ಡೈನಮೋ ಕಟ್ಟು. ನನ್ನ ಕೆಲಸ ನೋಡಲು ಬಂದವರು ಐದು ನಿಮಿಷ ಬಗ್ಗಿ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. “ತಮ್ಮಾ, ಈ ವೈರ್ ಕಡೀತಂದ್ರ ಏನೇನ್ ಬಂದ್ ಆಗ್ತದ?”

ನನಗೆ ಗೊತ್ತಿರಲಿಲ್ಲ.

“ಟ್ರ್ಯಾಕ್ಟರ್ ಆದ್ರ ಹೊಲದಾಗ ನಿಂದ್ರತದ. ಇದು ಎಲ್ಲಿ ನಿಂದ್ರಬೇಕು?”

ಅವತ್ತಿನಿಂದ ಲೆಕ್ಕ ತಿರುಗಿಸಿದೆ. ಯಾವ ಸಾಮಾನಿಗೆ ಎಲ್ಲಿಂದ ಕರೆಂಟ್ ಅಂತಲ್ಲ, ಯಾವುದು ಹೋದರೆ ಯಾವುದು ಉಳಿಯಬೇಕು ಅಂತ ಬರೆಯಲು ಕೂತೆ.

ಮೊದಲ ಸಾಲು ಇಂಜಿನ್. ಇಲ್ಲಿ ರೋಟಾಕ್ಸ್ ಅರ್ಧ ಚಿಂತೆ ಕಳೆಯುತ್ತದೆ. 912ರಲ್ಲಿ ಎರಡು ಇಗ್ನಿಷನ್ ಇವೆ, ಅಂದರೆ ಕಿಡಿ ಹಚ್ಚುವ ಎರಡು ಬೇರೆ ಬೇರೆ ವ್ಯವಸ್ಥೆ. ಎರಡಕ್ಕೂ ಕರೆಂಟ್ ಇಂಜಿನ್ ಒಳಗಿನ ತಮ್ಮದೇ ಕಾಯಿಲ್‌ನಿಂದ ಬರುತ್ತದೆ. ಬ್ಯಾಟರಿ ಪೂರ್ತಿ ಸತ್ತರೂ ಇಂಜಿನ್ ಓಡುತ್ತದೆ. ಹಳೆಯ ಲೂನಾ ನೆನಪಿದೆಯಾ? ಬ್ಯಾಟರಿಯೇ ಇಲ್ಲದೆ ಓಡುತ್ತಿತ್ತಲ್ಲ, ಹಾಗೆ. ಬಂದ್ ಮಾಡುವುದೂ ಹಾಗೆಯೇ. ಇಗ್ನಿಷನ್ ಸ್ವಿಚ್ ಕರೆಂಟ್ ಕೊಡುವುದಿಲ್ಲ, ಕರೆಂಟನ್ನು ಲೋಹದ ದೇಹಕ್ಕೆ ಮುಟ್ಟಿಸಿ ಕೊಲ್ಲುತ್ತದೆ.

ಇದರಿಂದ ಎರಡು ಮಾತು ಹುಟ್ಟುತ್ತವೆ. ಸ್ವಿಚ್‌ನ ವೈರ್ ಕಡಿದರೆ ಇಂಜಿನ್ ನಿಲ್ಲುವುದಿಲ್ಲ. ಆಕಾಶದಲ್ಲಿ ಒಳ್ಳೆಯದು, ನೆಲದ ಮೇಲೆ ಅಪಾಯ. ಸ್ವಿಚ್ ಆಫ್ ಇದೆ ಅಂತ ಪ್ರೊಪೆಲ್ಲರ್ ಕೈಯಲ್ಲಿ ತಿರುಗಿಸಿದರೆ ಅದು ಹೊಡೆಯಬಹುದು. ಹಾಗಾಗಿ ಮಗ್ಗದ ಮನೆಯಲ್ಲಿ ಪ್ರೊಪೆಲ್ಲರ್ ಯಾವಾಗಲೂ ಜೀವಂತ ಅಂತಲೇ ನಮ್ಮ ಲೆಕ್ಕ. ಇನ್ನೊಂದು ಮಾತು ಇದಕ್ಕೆ ಉಲ್ಟಾ. ಆ ವೈರ್ ಅಲ್ಯೂಮಿನಿಯಂ ತೂತಿನ ಅಂಚಿಗೆ ಉಜ್ಜಿ ಸಿಪ್ಪೆ ಸುಲಿದರೆ ದೇಹಕ್ಕೆ ಮುಟ್ಟುತ್ತದೆ, ಆ ಇಗ್ನಿಷನ್ ಸಾಯುತ್ತದೆ. ನಾನು ಏನು ಮಾಡಿದ್ದೆ ಗೊತ್ತಾ? ಎರಡೂ ಇಗ್ನಿಷನ್‌ನ ವೈರನ್ನು ಒಂದೇ ತೂತಿನಿಂದ, ಒಂದೇ ಕಟ್ಟಿನಲ್ಲಿ ತಂದಿದ್ದೆ! ಎರಡು ಇಗ್ನಿಷನ್ ಕೊಟ್ಟವರ ಬುದ್ಧಿಯನ್ನು ನನ್ನ ಒಂದು ಗ್ರಾಮೆಟ್ ಮೇಲೆ, ಅಂದರೆ ತೂತಿನ ಅಂಚಿನ ರಬ್ಬರ್ ಬಳೆಯ ಮೇಲೆ, ನಿಲ್ಲಿಸಿದ್ದೆ. ಈಗ ಒಂದು ವೈರ್ ಫೈರ್‌ವಾಲ್‌ನ (ಇಂಜಿನ್ ಮತ್ತು ನಾವು ಕೂರುವ ಜಾಗದ ನಡುವಿನ ಗೋಡೆ) ಎಡ ತೂತಿನಿಂದ ಬರುತ್ತದೆ, ಇನ್ನೊಂದು ಬಲದಿಂದ. ಎರಡೂ ಶೀಲ್ಡ್ ಇರುವ ಕೇಬಲ್.

ಇನ್ನು ನಕ್ಷೆ. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ವೈರ್ ಎಷ್ಟು ಉದ್ದ, ಎಲ್ಲಿ ಬಾಗುತ್ತದೆ, ಯಾವ ಮೂಲೆಯಲ್ಲಿ ಕಟ್ಟು ದಪ್ಪ ಆಗುತ್ತದೆ ಅಂತ ಕಾಣುವುದಿಲ್ಲ. ಮನೆಯಲ್ಲಿ ಯಾರದೋ ಹುಟ್ಟುಹಬ್ಬದ ಹಳೆಯ ಫ್ಲೆಕ್ಸ್ ಬ್ಯಾನರ್ ಇತ್ತು. ಅದರ ಬಿಳಿ ಬೆನ್ನ ಮೇಲೆ ಮುಂಭಾಗವನ್ನು ನಿಜವಾದ ಅಳತೆಯಲ್ಲೇ ಬರೆದೆ. ಫೈರ್‌ವಾಲ್, ಡ್ಯಾಶ್‌ಬೋರ್ಡ್, ಸೀಟು, ಬಾಗಿಲ ಕಂಬ, ಎಲ್ಲ. ವೈರಿನ ಬದಲು ನೂಲು. ಅವ್ವ ಸೀರೆ ನೇಯ್ಗೆಯ ಕಾಲದಿಂದ ಎತ್ತಿಟ್ಟಿದ್ದ ಉಳಿಕೆ ನೂಲಿನ ಚೀಲ ಕೊಟ್ಟಳು. ಕೆಂಪು ಪ್ಲಸ್, ಕಪ್ಪು ಅರ್ಥ್, ಹಳದಿ ಜನರೇಟರ್, ಹಸಿರು ಮೀಟರ್‌ಗಳ ಸೆನ್ಸರ್. ಬ್ಯಾನರ್ ಮೇಲೆ ಮೊಳೆ ಹೊಡೆದು ನೂಲು ಸುತ್ತಿದೆ. ಆಮೇಲೆ ಅದೇ ನೂಲನ್ನು ನಿಜವಾದ ವಿಮಾನದೊಳಗೆ ಎಳೆದು ನೋಡಿದೆ. ತೂತಿನಿಂದ ಇಳಿಯುವ ಕಡೆ, ಸುತ್ತು ಹಾಕುವ ಕಡೆ ನಕ್ಷೆಗಿಂತ ಒಂದು ಗೇಣು ಜಾಸ್ತಿಯೇ ಬೇಕಾಯಿತು. ವೈರ್ ಕತ್ತರಿಸುವ ಮೊದಲು ಇದು ತಿಳಿದದ್ದು ಎಷ್ಟು ಪುಣ್ಯ! ಒಳ್ಳೆಯ ವೈರ್ ಮೀಟರ್ ಲೆಕ್ಕದಲ್ಲಿ ಬರುತ್ತದೆ, ಜೇಬಿಗೆ ಕತ್ತರಿ ಹಾಕುತ್ತದೆ.

ನೂಲು ಎಳೆಯುವಾಗಲೇ ಬ್ಯಾಟರಿ ಜಾಗ ತಪ್ಪು ಅಂತ ಗೊತ್ತಾಯಿತು. ಸೀಟಿನ ಹಿಂದೆ ಇಟ್ಟಿದ್ದೆ. ಅಲ್ಲಿಂದ ಸ್ಟಾರ್ಟರ್‌ಗೆ ಮೂರು ಮೀಟರ್, ಅರ್ಥ್ ವಾಪಸ್ ಇನ್ನು ಮೂರು. ಸ್ಟಾರ್ಟ್ ಮಾಡುವಾಗ 100 ಆಂಪಿಯರ್ ಹರಿಯುತ್ತದೆ ಅಂತ ಧಾರಾಳವಾಗಿ ಹಿಡಿಯಿರಿ. 16 ಸ್ಕ್ವೇರ್ ಎಂಎಂ ತಾಮ್ರಕ್ಕೆ ಮೀಟರಿಗೆ ಸುಮಾರು 1.15 ಮಿಲಿಓಮ್. ಆರು ಮೀಟರ್‌ನಲ್ಲಿ ಹತ್ತಿರ ಹತ್ತಿರ 0.7 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಚಳಿಗಾಲದ ಬೆಳಿಗ್ಗೆ ಬ್ಯಾಟರಿ ತಾನೇ ಸೋತಿರುವಾಗ ಈ 0.7 ಸಣ್ಣದಲ್ಲ. ತಾಮ್ರದ ತೂಕವೇ 850 ಗ್ರಾಂ ದಾಟುತ್ತದೆ, ಮೇಲಿನ ಸಿಪ್ಪೆ ಬೇರೆ. ನಾನು ಹಿಡಿದಿರುವ ಒಟ್ಟು ತೂಕದ ಮಿತಿ 450 ಕೆಜಿ. ಅದರಲ್ಲಿ ಒಂದು ಕೆಜಿ ಸುಮ್ನೆ ವೈರಿಗೆ ಕೊಡಲು ಮನಸ್ಸು ಬರಲಿಲ್ಲ.

ಬ್ಯಾಟರಿಯನ್ನು ಫೈರ್‌ವಾಲ್‌ಗೆ ತಂದರೆ ಹೋಗಿ ಬರುವ ದಾರಿ ಸೇರಿ 1.2 ಮೀಟರ್. ನಷ್ಟ 0.14 ವೋಲ್ಟ್. ಏಳು ಕೆಜಿ ಮುಂದೆ ಬಂದದ್ದಕ್ಕೆ ತೂಕದ ಸಮತೋಲನ ಮತ್ತೆ ಲೆಕ್ಕ ಹಾಕಿದೆ, ಮಿತಿಯೊಳಗೇ ಇದೆ. ಇಂಜಿನ್ ಬಿಸಿಗೆ ಬ್ಯಾಟರಿ ಆಯುಷ್ಯ ಒಂದಿಷ್ಟು ಕಡಿಮೆ ಆಗುತ್ತದೆ. ಆಗಲಿ.

ವೈರ್ ಗೇಜ್ ಬಗ್ಗೆ ಒಂದು ಎಚ್ಚರಿಕೆ, ಯಾಕೆಂದರೆ ನಾನೇ ಬಿದ್ದ ಗುಂಡಿ ಇದು. ಗೇಜ್ ಅಂದರೆ ತಂತಿಯ ದಪ್ಪದ ನಂಬರ್. ವಿಮಾನದ ನಕ್ಷೆಗಳಲ್ಲಿ ಅದು ಅಮೆರಿಕನ್ ಗೇಜ್. ನಮ್ಮ ಹಳೆಯ ಮೇಸ್ತ್ರಿಗಳಿಗೆ ಗೇಜ್ ಅಂದರೆ ಬ್ರಿಟಿಷ್ ಎಸ್‌ಡಬ್ಲ್ಯುಜಿ. “20 ಗೇಜ್ ಕೊಡಿ” ಅಂದರೆ ಇಬ್ಬರ ಕೈಗೂ ಬೇರೆ ಬೇರೆ ತಂತಿ ಬರುತ್ತದೆ. ಅಮೆರಿಕನ್ 20 ಅಂದರೆ 0.52 ಸ್ಕ್ವೇರ್ ಎಂಎಂ, ಎಸ್‌ಡಬ್ಲ್ಯುಜಿ 20 ಅಂದರೆ 0.66. ದೊಡ್ಡದು ಬಂದರೆ ತೂಕ ಹೆಚ್ಚು, ಅಷ್ಟೇ. ಆದರೆ ವೈರ್ ತುದಿಗೆ ಹಾಕುವ ಲೋಹದ ಲಗ್ ಸರಿಯಾಗಿ ಕೂರುವುದಿಲ್ಲ. ನಾನು ಈಗ ಗೇಜ್ ಅನ್ನುವ ಮಾತನ್ನೇ ಬಿಟ್ಟು ಎಲ್ಲ ಸ್ಕ್ವೇರ್ ಎಂಎಂನಲ್ಲಿ ಬರೆಯುತ್ತೇನೆ.

ಮನೆಗೆ ಹಾಕುವ ಪಿವಿಸಿ ವೈರ್ ಯಾಕೆ ಬೇಡ ಅಂತ ತಂಗಿಯ ಮಗ ಕೇಳಿದ. ಒಂದು ತುಂಡು ಸುಟ್ಟು ತೋರಿಸಿದೆ. ಆ ಹೊಗೆ ಕಣ್ಣು ಮೂಗು ಉರಿಸಿತು, ಇಬ್ಬರೂ ಹೊರಗೆ ಓಡಿ ಬಂದೆವು. ಆ ವೈರಿನ ಮಿತಿ 70 ಡಿಗ್ರಿ. ವಿಮಾನದ ಟೆಫ್‌ಜೆಲ್ ವೈರ್ 150 ಡಿಗ್ರಿ ತಡೆಯುತ್ತದೆ, ಸಿಪ್ಪೆ ತೆಳು, ಒಳಗೆ ತವರ ಹಚ್ಚಿದ 19 ಎಳೆ. ಎಳೆ ಜಾಸ್ತಿ ಇದ್ದಷ್ಟೂ ಕಂಪನಕ್ಕೆ ಮುರಿಯುವುದು ಕಡಿಮೆ. ಹೊರಗೆ ಓಡಲು ಜಾಗ ಇಲ್ಲದ ಕಡೆ ನಾನು ಕೂರಬೇಕಲ್ವಾ?

ಈಗ ಮುಖ್ಯ ಸರ್ಕ್ಯೂಟ್. ಬ್ಯಾಟರಿ ಪಕ್ಕದಲ್ಲೇ ಮಾಸ್ಟರ್ ಕಾಂಟ್ಯಾಕ್ಟರ್, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಆಫ್ ಮಾಡುವ ಸ್ವಿಚ್. ಅದನ್ನು ಆಫ್ ಮಾಡಿದರೆ ಬ್ಯಾಟರಿಯಿಂದ ಮುಂದಿನ ದಪ್ಪ ವೈರ್‌ಗಳೆಲ್ಲ ಸತ್ತಂತೆ. ಮೊದಲು ಕಾಕಾನ ಅಂಗಡಿಯ ಟ್ರ್ಯಾಕ್ಟರ್ ಸೊಲೆನಾಯ್ಡ್ (ಸ್ಟಾರ್ಟರ್‌ಗೆ ಕರೆಂಟ್ ಬಿಡುವ ಸ್ವಿಚ್) ಹಾಕಿ ಹಲಗೆ ಮೇಲೆ ಪರೀಕ್ಷೆ ಮಾಡಿದೆ. ನೋಡಲು ಎರಡೂ ಒಂದೇ ತರಹ. ಹತ್ತು ನಿಮಿಷಕ್ಕೆ ಮುಟ್ಟಲು ಆಗಲಿಲ್ಲ. ಅಳೆದರೆ ಕಾಯಿಲ್ ಒಂದೇ 3.5 ಆಂಪಿಯರ್ ಕುಡಿಯುತ್ತಿತ್ತು. ತಪ್ಪು ಅದರದ್ದಲ್ಲ. ಅದು ಹುಟ್ಟಿದ್ದೇ ಐದು–ಹತ್ತು ಸೆಕೆಂಡಿನ ಕೆಲಸಕ್ಕೆ. ಮಾಸ್ಟರ್‌ಗೆ ಸದಾ ಆನ್ ಇರಬಲ್ಲ ಕಂಟಿನ್ಯುಯಸ್ ಡ್ಯೂಟಿಯದ್ದೇ ಬೇಕು. ಈಗ ಹಾಕಿರುವುದು 0.8 ಆಂಪಿಯರ್ ತಗೊಳ್ಳುತ್ತದೆ, ಬೆಚ್ಚಗೆ ಇರುತ್ತದೆ. ಟ್ರ್ಯಾಕ್ಟರಿನದ್ದು ಸ್ಟಾರ್ಟರ್ ಕೆಲಸಕ್ಕೆ ಹೋಯಿತು. ಎರಡರ ಕಾಯಿಲ್‌ಗೂ ಅಡ್ಡ ಒಂದು ಡಯೋಡ್ ಇದೆ, ಅದು ಕರೆಂಟನ್ನು ಒಂದೇ ದಿಕ್ಕಿಗೆ ಬಿಡುತ್ತದೆ. ಇಲ್ಲದಿದ್ದರೆ ಆಫ್ ಮಾಡುವಾಗ ಕಾಯಿಲ್ ಒದೆಯುವ ವೋಲ್ಟೇಜ್ ಸ್ವಿಚ್‌ನ ತುದಿಯನ್ನು ತಿಂದು ಹಾಕುತ್ತದೆ.

ಜನರೇಟರ್ 250 ವ್ಯಾಟ್. ಅಂದರೆ ಪೂರ್ತಿ ವೇಗದಲ್ಲಿ 18 ಆಂಪಿಯರ್ ಹತ್ತಿರ, ಐಡಲ್‌ನಲ್ಲಿ ಅದಕ್ಕಿಂತ ತೀರಾ ಕಡಿಮೆ. ನನ್ನ ಹಳೆಯ ಪಟ್ಟಿ ಕೂಡಿದರೆ 21 ಆಂಪಿಯರ್ ಆಗಿತ್ತು! ಲ್ಯಾಂಡಿಂಗ್ ಲೈಟ್, ರೆಕ್ಕೆ ತುದಿಯ ಬಣ್ಣದ ಲೈಟ್, ಸೀಟ್ ಫ್ಯಾನ್. ಹಗಲಲ್ಲಿ ಮಾತ್ರ ಹಾರುವ ವಿಮಾನಕ್ಕೆ ಇದೆಲ್ಲ ಯಾಕೆ? ತೆಗೆದೆ. ಈಗ ಸ್ಕ್ರೀನಿಗೆ 1, ರೇಡಾರಿಗೆ ಉತ್ತರ ಕೊಡುವ ಟ್ರಾನ್ಸ್‌ಪಾಂಡರ್‌ಗೆ 1, ಪಂಪಿಗೆ 1.2, ಮಿಣುಕುವ ಎಲ್‌ಇಡಿ ಲೈಟ್ ಸ್ಟ್ರೋಬ್‌ಗೆ 1, ಕಾಂಟ್ಯಾಕ್ಟರ್‌ಗೆ 0.8. ರೇಡಿಯೋ ಕೇಳುವಾಗ 0.3, ಮಾತಾಡುವಾಗ 2. ಚಿಲ್ಲರೆ ಸೇರಿಸಿ ಏಳೂವರೆ. ಜನರೇಟರ್‌ನ ಅರ್ಧಕ್ಕಿಂತ ಕಡಿಮೆ.

ಜನರೇಟರ್‌ನ ವೋಲ್ಟೇಜನ್ನು ಹದಕ್ಕೆ ತರುವ ರೆಗ್ಯುಲೇಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ಹಳದಿ ವೈರ್ ಜನರೇಟರ್‌ನಿಂದ ಬರುತ್ತವೆ, ಹೊರಗೆ ಸುಮಾರು 14 ವೋಲ್ಟ್ ಡಿಸಿ. ಪಕ್ಕದಲ್ಲಿ 22,000 ಮೈಕ್ರೋಫ್ಯಾರಡ್‌ನ ಕೆಪ್ಯಾಸಿಟರ್ ಇರಲೇಬೇಕು, ಅದು ಅಲೆಯನ್ನು ಸಮ ಮಾಡುತ್ತದೆ. ರೆಗ್ಯುಲೇಟರ್ 80 ಡಿಗ್ರಿ ದಾಟಬಾರದು. ಹಾಗಾಗಿ ಸೈಲೆನ್ಸರ್‌ನಿಂದ ದೂರ, ತಂಪು ಗಾಳಿಯ ಒಂದು ಪೈಪ್ ಅದರ ಮೇಲೆ.

ಮಾಸ್ಟರ್ ಕಾಂಟ್ಯಾಕ್ಟರ್ ಹೋದರೆ? ಕಾಕಾನ ಪ್ರಶ್ನೆ ಮತ್ತೆ. ಇದಕ್ಕೆ ಎರಡು ಬಸ್ ಮಾಡಿದೆ. ಬಸ್ ಅಂದರೆ ಹತ್ತು ಸಾಮಾನಿಗೆ ಕರೆಂಟ್ ಹಂಚುವ ತಾಮ್ರದ ಪಟ್ಟಿ. “ವಡಗಾವಿಗೆ ಇರೋ ಒಂದ್ ಬಸ್ಸೇ ಟೈಮಿಗೆ ಬರೂದಿಲ್ಲ, ನಿನಗ ಎರಡು ಬೇಕೇನು?” ಅಂತ ಅವ್ವ ಕೇಳಿದಳು. ಒಂದು ಮುಖ್ಯ ಬಸ್. ಇನ್ನೊಂದು ಕಷ್ಟಕಾಲದ ಬಸ್, ಅದರ ಮೇಲೆ ರೇಡಿಯೋ, ಸ್ಕ್ರೀನ್, ಪಂಪ್ ಮಾತ್ರ. ದಿನನಿತ್ಯ ಮುಖ್ಯ ಬಸ್‌ನಿಂದ ಒಂದು ಡಯೋಡ್ ಮೂಲಕ ಇದಕ್ಕೆ ಕರೆಂಟ್ ಬರುತ್ತದೆ. ಮಾಸ್ಟರ್ ಕೈ ಕೊಟ್ಟರೆ ಬೇರೆ ಸ್ವಿಚ್, ಬೇರೆ ಫ್ಯೂಸ್, ನೇರವಾಗಿ ಬ್ಯಾಟರಿಯಿಂದ. ಡಯೋಡ್ ಇರುವುದರಿಂದ ಆ ಕರೆಂಟ್ ಹಿಂದಕ್ಕೆ ಮುಖ್ಯ ಬಸ್‌ಗೆ ಸೋರುವುದಿಲ್ಲ. ಜನರೇಟರ್ ಸತ್ತರೂ ಇದೇ ದಾರಿ. 16 ಆಂಪಿಯರ್‌ಅವರ್ ಬ್ಯಾಟರಿಯನ್ನು ಹಳೆಯದು, ಅರ್ಧ ಸತ್ತದ್ದು ಅಂತಲೇ ಹಿಡಿದರೂ ಎರಡೂವರೆ ಆಂಪಿಯರ್‌ಗೆ ಮೂರು ತಾಸು. ಅಷ್ಟರಲ್ಲಿ ಎಲ್ಲೋ ಒಂದು ಕಡೆ ಇಳಿದಿರುತ್ತೇನೆ.

ಅರ್ಥ್ ವಿಷಯದಲ್ಲಿ ಕಾಕಾ ನನಗಿಂತ ನೂರು ಪಾಲು ಮುಂದೆ. ಅಲ್ಯೂಮಿನಿಯಂ ದೇಹವೇ ಇದೆಯಲ್ಲ, ಎಲ್ಲಿ ಬೇಕಾದರೂ ಒಂದು ಸ್ಕ್ರೂಗೆ ಮೈನಸ್ ಕೊಡೋಣ ಅಂತ ನಾನು ಅಂದುಕೊಂಡಿದ್ದೆ. ಹೆಡ್‌ಸೆಟ್‌ನ ಮೈನಸ್ ಕೂಡ ಹಾಗೇ ಕೊಟ್ಟಿದ್ದೆ. ಅವರು ನಕ್ಕರು. ಟ್ರ್ಯಾಕ್ಟರ್ ಡೆಕ್‌ನಲ್ಲಿ ಎಕ್ಸಿಲೇಟರ್ ಒತ್ತಿದಂತೆ ಹಾಡಿನ ಹಿಂದೆ ‘ಕುಂಯ್...’ ಅಂತ ಏರುವ ಸದ್ದು ಕೇಳಿದ್ದೀರಾ? ಆಂಪ್ಲಿಫೈಯರ್‌ನ ಮೈನಸ್ ಒಂದು ಕಡೆ, ಡೆಕ್‌ನ ಮೈನಸ್ ಇನ್ನೊಂದು ಕಡೆ ಕೊಟ್ಟರೆ ಡೈನಮೋದ ಕರೆಂಟ್ ನಡುವೆ ಹರಿದು ಸ್ಪೀಕರ್‌ನಲ್ಲಿ ಹಾಡುತ್ತದೆ. “ಎಲ್ಲಾ ಮೈನಸ್ ಒಂದ ಬೋಲ್ಟಿಗೆ ತಗೊಂಡ್ ಬಾ. ಕುಂಯ್ ಅನ್ನೂದು ಅಲ್ಲೇ ಸಾಯ್ತದ.” ಕಬ್ಬಿನ ಟ್ರ್ಯಾಕ್ಟರಿನಲ್ಲಿ ಅದು ಕಿರಿಕಿರಿ. ರೇಡಿಯೋದಲ್ಲಿ ಟವರ್ ಹೇಳಿದ್ದು ಕೇಳದಿದ್ದರೆ ಬೇರೆಯೇ ಕಥೆ.

ಫೈರ್‌ವಾಲ್‌ನಲ್ಲಿ ಒಂದು ಹಿತ್ತಾಳೆ ಬೋಲ್ಟ್, ಎರಡೂ ಬದಿಗೆ ಹಿತ್ತಾಳೆ ಪಟ್ಟಿ. ಎಲ್ಲ ಕಪ್ಪು ನೂಲೂ ಅಲ್ಲಿಗೇ. ರೆಕ್ಕೆಯ ಸ್ಟ್ರೋಬ್‌ಗೂ ಮೈನಸ್ ವೈರ್ ಬೇರೆ. ಹೆಡ್‌ಸೆಟ್ ಜಾಕ್‌ಗೆ ಫೈಬರ್ ವಾಷರ್, ಅದು ದೇಹಕ್ಕೆ ಮುಟ್ಟಲೇಬಾರದು. ಇಂಜಿನ್‌ನಿಂದ ಆ ಬೋಲ್ಟಿಗೆ ಹೆಣೆದ ತಾಮ್ರದ ದಪ್ಪ ಪಟ್ಟಿ. ಇಂಜಿನ್ ರಬ್ಬರ್ ಮೇಲೆ ಕೂತಿರುತ್ತದೆ ಅನ್ನುವುದು ಮರೆಯಬಾರದು. ಈ ಪಟ್ಟಿ ಸಡಿಲ ಆದರೆ ಸ್ಟಾರ್ಟರ್‌ನ ಕರೆಂಟ್ ಥ್ರಾಟಲ್ ಕೇಬಲ್ ಮೂಲಕ ದಾರಿ ಹುಡುಕುತ್ತದೆ. ಒಂದು ಟೆಂಪೋದಲ್ಲಿ ಎಕ್ಸಿಲೇಟರ್ ಕೇಬಲ್ ಹೊಗೆಯಾಡಿ ಒಳಗೇ ಅಂಟಿಕೊಂಡದ್ದನ್ನು ಕಾಕಾ ಕಣ್ಣಾರೆ ಕಂಡಿದ್ದಾರೆ.

ಫ್ಯೂಸ್ ಇರುವುದು ವೈರ್ ಉಳಿಸಲು, ಸಾಮಾನು ಉಳಿಸಲು ಅಲ್ಲ. ಅದಕ್ಕೇ ವೈರ್ ನೋಡಿ ಫ್ಯೂಸ್ ಆರಿಸಬೇಕು. ಸಣ್ಣ ವೈರ್‌ಗೆ 5 ಆಂಪಿಯರ್, ಅದರ ಮೇಲಿನದಕ್ಕೆ 7.5. ಆದರೆ ಫ್ಯೂಸ್ ಮೇಲೆ ಬರೆದದ್ದನ್ನು ನಂಬಬೇಕಾ? ಟ್ರ್ಯಾಕ್ಟರ್ ಹೆಡ್‌ಲೈಟ್‌ನ 55 ವ್ಯಾಟ್ ಬಲ್ಬು ಒಂದಕ್ಕೆ ನಾಲ್ಕೂವರೆ ಆಂಪಿಯರ್ ಹತ್ತಿರ. ಮೂರು ಜೋಡಿಸಿದರೆ ಸುಮಾರು 14. ಒಳ್ಳೆಯ 5 ಆಂಪಿಯರ್ ಬ್ಲೇಡ್ ಫ್ಯೂಸ್ ಎರಡು ಪಟ್ಟು ಕರೆಂಟಿಗೇ ಐದು ಸೆಕೆಂಡಿನೊಳಗೆ ಹಾರಬೇಕು. ಬಜಾರಿನಲ್ಲಿ ಡಜನ್ ಲೆಕ್ಕದಲ್ಲಿ ತಂದ ಹೆಸರಿಲ್ಲದ ಫ್ಯೂಸ್ ಹಾಕಿದೆ. ಮೂರೂ ಬಲ್ಬು ಝಗಝಗ ಉರಿದವು. ಒಂದು ನಿಮಿಷ, ಎರಡು ನಿಮಿಷ. ಪ್ಲಾಸ್ಟಿಕ್ ಮೆತ್ತಗಾಗಿ ವಾಸನೆ ಬಂತು, ಫ್ಯೂಸ್ ಮಾತ್ರ ಹಾರಲಿಲ್ಲ! ಆ ಡಜನ್ ಈಗ ಅವ್ವನ ಬಟ್ಟೆ ಕ್ಲಿಪ್ಪಿನ ಡಬ್ಬಿಯಲ್ಲಿದೆ. ವಿಮಾನಕ್ಕೆ ಬರುವ ಪ್ರತಿ ಪ್ಯಾಕೆಟ್‌ನಿಂದ ಒಂದನ್ನು ಸುಟ್ಟು ನೋಡಿಯೇ ಉಳಿದದ್ದು ಹಾಕುವುದು.

ಅದೇ ಬಲ್ಬಿನಿಂದ ಇನ್ನೊಂದು ಆಟ. ದಿಕ್ಸೂಚಿಯ ಹತ್ತು ಸೆಂಟಿಮೀಟರ್ ಕೆಳಗೆ ಉತ್ತರ–ದಕ್ಷಿಣವಾಗಿ ಒಂದೇ ವೈರ್ ಎಳೆದು ಬಲ್ಬ್ ಹಚ್ಚಿದೆ. ಮುಳ್ಳು 12 ಡಿಗ್ರಿ ತಿರುಗಿತು. ಇಲ್ಲಿಂದ ಹುಬ್ಬಳ್ಳಿಗೆ ಹೊರಟವನು 12 ಡಿಗ್ರಿ ತಪ್ಪಿದರೆ ಊರೇ ಕಾಣುವುದಿಲ್ಲ. ಹೋಗುವ ವೈರನ್ನೂ ಬರುವ ವೈರನ್ನೂ ಹುರಿ ಹಾಕಿ ಜೋಡಿಸಿದೆ, ಮುಳ್ಳು ಅಲುಗಲಿಲ್ಲ. ಎರಡರ ಕಾಂತಕ್ಷೇತ್ರ ಒಂದನ್ನೊಂದು ಅಳಿಸುತ್ತವೆ. ಡ್ಯಾಶ್‌ಬೋರ್ಡ್ ಮೇಲ್ಭಾಗದಲ್ಲಿ ಹೋಗುವ ಜೋಡಿಗಳೆಲ್ಲ ಈಗ ಹುರಿ.

ಉಳಿದ ದಾರಿಗಳು ಬೇಗ ಮುಗಿದವು. ರೆಕ್ಕೆಯ ಟ್ಯಾಂಕಿನಿಂದ ಪೆಟ್ರೋಲ್ ಇಳಿಯುವ ಪೈಪಿನ ಪಕ್ಕ ವೈರ್ ಬೇಡ, ಹತ್ತಿರ ಬರಲೇಬೇಕಾದ ಕಡೆ ವೈರ್ ಮೇಲೆ, ಪೈಪ್ ಕೆಳಗೆ. ಸೋರಿದ ಪೆಟ್ರೋಲ್ ವೈರ್ ಮೇಲೆ ಬೀಳಬಾರದು. ಬೆಸುಗೆ ಬೇಡ, ಕ್ರಿಂಪ್ ಮಾತ್ರ, ಅಂದರೆ ಲಗ್ ಒತ್ತಿ ವೈರಿಗೆ ಹಿಡಿಸುವುದು. ಬೆಸುಗೆ ಎಳೆಗಳ ಒಳಗೆ ಹರಿದು ಗಟ್ಟಿಯಾಗುತ್ತದೆ, ಅದು ಮುಗಿಯುವ ಜಾಗದಲ್ಲೇ ಕಂಪನಕ್ಕೆ ಮುರಿಯುತ್ತದೆ. ನಮ್ಮ ಮಳೆಗಾಲಕ್ಕೆ ಪ್ರತಿ ಕನೆಕ್ಟರ್ ಮುಂದೆ ವೈರ್ ಒಂದಿಷ್ಟು ಕೆಳಗೆ ಜೋತು ಬಿಟ್ಟಿದ್ದೇನೆ, ನೀರು ಅಲ್ಲೇ ತೊಟ್ಟಿಕ್ಕಲಿ. ಕಟ್ಟು ಕಟ್ಟಲು ಪ್ಲಾಸ್ಟಿಕ್ ಟೈ ಅಲ್ಲ, ಮೇಣದ ದಾರ. ಟೈನ ಕತ್ತರಿಸಿದ ತುದಿ ಕೈ ಕೊಯ್ಯುತ್ತದೆ, ಪಕ್ಕದ ವೈರನ್ನೂ. ನನ್ನ ಗಂಟು ಜಾರುತ್ತಿತ್ತು. ನಲವತ್ತು ವರ್ಷ ನೂಲು ಕಟ್ಟಿದ ಕೈ ಅವ್ವನದು. “ಸರಕ್ ಸರಕ್ ಜಾರತದ, ಇದೇನ್ ಗಂಟೋ” ಅಂತ ಕಸಿದುಕೊಂಡು ಮೊದಲ ಕಟ್ಟನ್ನು ಅವಳೇ ಮುಗಿಸಿದಳು.

ನಿನ್ನೆ ಭಾನುವಾರ ಎಲ್ಲವನ್ನೂ ಪ್ಲೈವುಡ್ ಹಲಗೆ ಮೇಲೆ ಜೋಡಿಸಿ ಕರೆಂಟ್ ಕೊಟ್ಟೆವು. ಕಾಕಾ ಒಂದೊಂದೇ ಫ್ಯೂಸ್ ಕಿತ್ತರು. ಏನು ಆರುತ್ತದೆ ಅಂತ ನಾನು ಮೊದಲೇ ಕಾಗದದಲ್ಲಿ ಬರೆದಿಟ್ಟಿದ್ದೆ, ತಂಗಿಯ ಮಗ ಓದಿ ಟಿಕ್ ಹಾಕುತ್ತಿದ್ದ. ಮಾಸ್ಟರ್ ಆಫ್, ಕಷ್ಟಕಾಲದ ಸ್ವಿಚ್ ಆನ್. ರೇಡಿಯೋ ಉಳಿಯಿತು, ಸ್ಟ್ರೋಬ್ ಸತ್ತಿತು. ಟಿಕ್. ಒಂಬತ್ತನೆಯದು ಪಂಪಿನ ಫ್ಯೂಸ್. ಕಿತ್ತರು. ಪಂಪಿನ ಸದ್ದು ನಿಂತಿತು. ಟಿಕ್ ಹಾಕುವವನು ನಿಲ್ಲಿಸಿ ಕೇಳಿದ, “ಮಾಮಾ, ಪ್ರೆಶರ್ ಮೀಟರೂ ಹೋತಲ್ಲ, ಇದರಾಗ ಬರದಿಲ್ಲ.”

ಹೌದು. ಪಂಪ್ ಮತ್ತು ಇಂಧನದ ಪ್ರೆಶರ್ ಮೀಟರ್ ಒಂದೇ ಫ್ಯೂಸಿನಲ್ಲಿದ್ದವು. ಪಂಪ್ ಸತ್ತಾಗ ಇಂಜಿನ್‌ನ ಮೆಕ್ಯಾನಿಕಲ್ ಪಂಪ್ ಒಂದೇ ಸಾಕಾಗುತ್ತಿದೆಯಾ ಅಂತ ಹೇಳಬೇಕಾದ ಮೀಟರ್ ಅದು. ಅದೂ ಜೊತೆಗೇ ಸಾಯುತ್ತಿತ್ತು. ಕಾಕಾ ಏನೂ ಅನ್ನಲಿಲ್ಲ, ಫ್ಯೂಸನ್ನು ನನ್ನ ಅಂಗೈಯಲ್ಲಿ ಇಟ್ಟರು.

ಫ್ಯೂಸ್ ಪೆಟ್ಟಿಗೆಯಲ್ಲಿ ಜಾಗ ಖಾಲಿ ಇರಲಿಲ್ಲ. ಫೋನ್ ಚಾರ್ಜಿಂಗ್‌ನ ಯುಎಸ್‌ಬಿ ತೆಗೆದೆ, ಆ ಜಾಗ ಮೀಟರ್‌ಗೆ. ಬ್ಯಾನರ್ ಮೇಲೆ ಒಂದು ಹಸಿರು ನೂಲು ಹೊಸದಾಗಿ ಬಂತು. ಮೀಟರ್‌ಗೆ 3 ಆಂಪಿಯರ್ ಫ್ಯೂಸ್ ಬೇಕು. ಮೂರು ಅಂಗಡಿ ತಿರುಗಿದೆ, 5ಕ್ಕಿಂತ ಕೆಳಗಿನದು ಯಾರ ಹತ್ತಿರವೂ ಇಲ್ಲ. ನಾಳೆ ಕಾಕಾ ಕಡೆ ಕೇಳಬೇಕು.